ಅರ್ಧ ಗಂಟೆ ಹೆಚ್ಚು

ಹೆಣ ಮೀಯಿಸುವ ಮೊದಲು ಕಾಳಪ್ಪನ ಉಡಿದಾರ ಕತ್ತರಿಸಿದಾಗ, ಅದಕ್ಕೆ ಕಟ್ಟಿದ್ದ ಸಣ್ಣ ಬೀಗದ ಕೈ ಬಚ್ಚಲ ಕಲ್ಲಿನ ಮೇಲೆ ಬಿತ್ತು. ಅವನ ಅಕ್ಕ ಸಿದ್ದಮ್ಮ ಅದನ್ನೆತ್ತಿ ತಮ್ಮನ ಹೆಂಡತಿಯ ಅಂಗೈಯಲ್ಲಿಟ್ಟಳು. ಶಕುಂತಲಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ವಠಾರದ ಬಾಗಿಲಲ್ಲಿ ನಿಂತಿದ್ದ ಚಕ್ರಪಾಣಿ ಅದನ್ನು ನೋಡಿದ.

ಬಸವನಗುಡಿ ಕಡೆಯ ಕಾಲೇಜೊಂದರಲ್ಲಿ ಚಕ್ರಪಾಣಿ ಸೂಪರಿಂಟೆಂಡೆಂಟು, ಕಾಳಪ್ಪ ಅವನ ಕೈಕೆಳಗೆ ಗುಮಾಸ್ತ. ಚಕ್ರಪಾಣಿ ಕೆಟ್ಟವನೇನಲ್ಲ. ಸುಗಂಧರಾಜದ ಹಾರ ತಂದಿದ್ದ, ಹೆಣದ ಮುಂದೆ ನಿಜವಾಗಿಯೇ ಕಣ್ಣೊರೆಸಿಕೊಂಡಿದ್ದ. ಆದರೆ ಅವನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದು ಕಾಳಪ್ಪ ಹೇಳುತ್ತಿದ್ದದ್ದು ಸುಳ್ಳಲ್ಲ.

"ಇಂಥ ಹೊತ್ತಲ್ಲಿ ಕೇಳಬಾರದಮ್ಮ," ಎಂದ ಚಕ್ರಪಾಣಿ ಹತ್ತಿರ ಬಂದು. "ನಾಳೆ ಹತ್ತಕ್ಕೆ ಪರೀಕ್ಷೆ ಶುರು. ಮೂರು ಮಕ್ಕಳಿಗೆ ಅರ್ಧ ಗಂಟೆ ಹೆಚ್ಚಿಗೆ ಕೊಡ್ಬೇಕು. ಡಾಕ್ಟರ ಸರ್ಟಿಫಿಕೇಟು ಮುಂದಿಡದಿದ್ರೆ ಯೂನಿವರ್ಸಿಟಿಯೋರು ಒಪ್ಪಲ್ಲ. ಕಾಳಪ್ಪ ಎಲ್ಲಾನೂ ಮನೇಲಿ ಟ್ರಂಕಲ್ಲಿ ಇಟ್ಕೊಂಡಿದಾನೆ."

"ಆ ಮೂರು ಕೊಟ್ರೆ ಸಾಕಾ ಸಾರ್?"

"ಇಲ್ಲಿ ಯಾರು ಹುಡುಕ್ತಾರೆ? ಟ್ರಂಕೇ ಕೊಟ್ಬಿಡಿ. ಹೇಗಿದ್ರೂ ಕಾಲೇಜಿನ ಕಾಗದ ತಾನೇ. ಹೊರಗೆ ಆಟೋ ನಿಂತಿದೆ."

"ಮಣ್ಣಾಗಲಿ ಸಾರ್, ಆಮೇಲೆ ನೋಡೋಣ."

"ಆಮೇಲೆ ಆಫೀಸು ಮುಚ್ಚುತ್ತಲ್ಲಮ್ಮ."

ಅವನು ಜಗಲಿಯ ಮೇಲೆ ಕೂತ. ಐದು ನಿಮಿಷವೂ ಆಗಿರಲಿಲ್ಲ, ಪಕ್ಕದ ಮನೆಯ ವೆಂಕಟಪ್ಪನಿಗೆ ಅವನು ಹೇಳುತ್ತಿದ್ದದ್ದು ಶಕುಂತಲಮ್ಮನ ಕಿವಿಗೆ ಬಿತ್ತು: "ಮೂರರಲ್ಲಿ ಒಂದಕ್ಕೆ ಕಿವೀನೇ ಕೇಳಲ್ಲ ಕಣ್ರೀ, ಕೌಂಟರಿಗೆ ಬಂದಾಗ ನಾನೇ ಕಂಡೆ. ಯಾರು ಗೊತ್ತಾ? ನಿಮ್ಮ ಬೀದಿ ಕೊನೇ ಮನೆ ಮೇಷ್ಟ್ರ ಮಗಳು." ಟ್ರಂಕಿನಲ್ಲಿ ಅಂಥವರು ಮೂವರಲ್ಲ, ಗಂಡನ ಇಪ್ಪತ್ತಾರು ವರ್ಷದ ನೌಕರಿಯ ಮಕ್ಕಳೆಲ್ಲ ಇದ್ದರು. ಕೊಟ್ಟರೆ ಅವರ ಗುಟ್ಟು ಬೀದಿಪಾಲು, ಕೊಡದಿದ್ದರೆ ನಾಳೆ ಮೂವರ ಪರೀಕ್ಷೆ ಹಾಳು. ಆರಿಸಿ ಕೊಡೋಣವೆಂದರೆ ಶಕುಂತಲಮ್ಮನಿಗೆ ಇಂಗ್ಲಿಷ್ ಅಕ್ಷರ ಬಾರದು.

\*

ಒಂಬತ್ತು ವರ್ಷದ ಹಿಂದಿನ ಮಾತು. ಆಗ ಗಂಡಿನ ಕಡೆಯವರು ಹುಡುಗಿಯನ್ನು ನಿಶ್ಚಯಿಸುವ ಮೊದಲು ಅವಳು ಓದಿದ ಕಾಲೇಜಿನ ಆಫೀಸಿಗೆ ಹೋಗುತ್ತಿದ್ದರು. ಹಾಜರಿ ಹೇಗೆ, ನಡತೆ ಹೇಗೆ, ಗುಮಾಸ್ತರಿಗೆ ತಿಳಿಯದ್ದು ಏನಿದೆ? ಹಾಗೆ ಬಂದ ಮಲ್ಲೇಶ್ವರದ ಹಿರಿಯರೊಬ್ಬರು ಕಾಳಪ್ಪನನ್ನು ಕ್ಯಾಂಟೀನಿಗೆ ಕರೆದೊಯ್ದು, ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕೊಡಿಸಿದರು. ದೊಡ್ಡ ಮನುಷ್ಯರು ಹಾಗೆ ಪಕ್ಕದಲ್ಲಿ ಕೂರಿಸಿಕೊಂಡದ್ದು ಕಾಳಪ್ಪನ ಜೀವನದಲ್ಲಿ ಅದೇ ಮೊದಲು. ಹಿಗ್ಗಿಹೋದ.

"ಗೋದಾ ಬಂಗಾರದಂಥ ಹುಡುಗಿ ಸ್ವಾಮಿ," ಎಂದಿದ್ದ. "ಮೂರ್ಛೆರೋಗ ಇಟ್ಕೊಂಡು, ಪರೀಕ್ಷೆ ಮಧ್ಯೆ ಬಿದ್ದು ಎದ್ದು ಬರೆದು ಫಸ್ಟ್ ಕ್ಲಾಸ್ ತಗೊಂಡ್ಲು. ಅಂಥೋಳು ಇನ್ನೊಬ್ಬಳಿಲ್ಲ."

ಹೊಗಳಬೇಕೆಂದೇ ಹೇಳಿದ್ದು. ಹಿರಿಯರು ಅರ್ಧ ಕಾಫಿ ಬಿಟ್ಟು ಎದ್ದರು. ಮುಂದಿನ ವಾರ ನಡೆಯಬೇಕಿದ್ದ ನಿಶ್ಚಿತಾರ್ಥ ಮುರಿಯಿತು. ಹುಡುಗಿಯ ಅಪ್ಪ ಕೌಂಟರಿನ ಮುಂದೆ ಬಂದು ನಿಂತು, "ಯಾರು ಹೇಳಿದ್ರು ಅಷ್ಟೇ ಹೇಳಿ," ಎಂದಾಗಲೇ ಕಾಳಪ್ಪನಿಗೆ ಅರ್ಥವಾದದ್ದು.

ನಾನೇ ಎಂದು ಒಪ್ಪಿಕೊಂಡ. ಮರುದಿನ ಅವರ ಮನೆ ಬಾಗಿಲಿಗೆ ಹೋಗಿ ಕೈಮುಗಿದು ನಿಂತ. ಹುಡುಗಿ ಹೊರಗೆ ಬರಲಿಲ್ಲ. ಆ ರಾತ್ರಿ ಅವನು ತಟ್ಟೆಯ ಮುಂದಿಂದ ಎದ್ದದ್ದನ್ನು, "ಮುತ್ತು ಒಡೆದ್ಹಾಕ್ಬಿಟ್ಟೆ ಶಕುಂತ್ಲ," ಎಂದದ್ದನ್ನು ಶಕುಂತಲಮ್ಮ ಮರೆತಿರಲಿಲ್ಲ. ಆಮೇಲೆ ಹಳೆಯವೂ ಹೊಸವೂ ಸೇರಿ ಕಾಯಿಲೆಯ ಕಾಗದಗಳೆಲ್ಲ ಒಂದೊಂದಾಗಿ ಮನೆಗೆ ಬಂದವು. ಆಫೀಸಿನ ಪಟ್ಟಿಯಲ್ಲಿ ಅವನು ಬರೆಯುತ್ತಿದ್ದದ್ದು ನಂಬರು, ಅದರ ಮುಂದೆ 'ಅರ್ಧ ಗಂಟೆ ಹೆಚ್ಚು', ಅಷ್ಟೇ. ಕಾಗದ ವಾಪಸ್ ತರಬೇಕೆಂದು ಎರಡು ಸಲ ಮೆಮೋ ಬಂತು. ಮಡಚಿ ಜೇಬಿಗಿಟ್ಟುಕೊಂಡ.

\*

"ಶಕುಂತ್ಲ, ಕೊಟ್ಟು ಕಳಿಸ್ಬಾರ್ದಾ?" ಸಿದ್ದಮ್ಮ ಕಿವಿಯಲ್ಲಿ ಅಂದಳು. "ಪೆನ್ಷನ್ ಕಾಗದಕ್ಕೆ ಸಹಿ ಹಾಕೋನು ಅವನೇ. ಎದುರು ಹಾಕ್ಕೋಬೇಡ."

ಶಕುಂತಲಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಚಕ್ರಪಾಣಿ ಒಳಗೇ ಬಂದು ಮಂಚದ ಕೆಳಗಿನ ಟ್ರಂಕನ್ನು ಕಾಲಿನಿಂದ ಮುಂದಕ್ಕೆ ಎಳೆದ. ಗಂಡ ಬದುಕಿದ್ದಾಗ ಆ ಟ್ರಂಕಿಗೆ ಯಾರೂ ಕಾಲು ತಾಗಿಸಿರಲಿಲ್ಲ. ಅವಳಿಗೆ ರೇಗಿತು.

"ಕಾಲು ತೆಗೀರಿ ಸಾರ್. ಇಲ್ಲೇ ತೆಗೆದು ಮೂರು ಕೊಡ್ತೀನಿ. ಇಂಗ್ಲಿಷ್ ಓದೋರು ಯಾರಾದ್ರೂ ಇದೀರಾಮ್ಮ?"

ಹೆಂಗಸರ ಹಿಂದೆ ಗೋಡೆಗೊರಗಿ ನಿಂತಿದ್ದವಳೊಬ್ಬಳು ಮುಂದೆ ಬಂದಳು. ಮೂವತ್ತರ ಹತ್ತಿರದ ವಯಸ್ಸು, ಕೊರಳು ಬರಿದು. "ನಾನು ಓದ್ತೀನಿ. ವಿಶ್ವೇಶ್ವರಪುರದ ಶಾಲೇಲಿ ಟೀಚರ್."

ಶಕುಂತಲಮ್ಮ ಗಂಟು ಬಿಚ್ಚಿ ಬೀಗ ತೆಗೆದಳು. ಟೀಚರು ನೆಲದಲ್ಲಿ ಕೂತು, ಚಕ್ರಪಾಣಿ ಓದಿಹೇಳಿದ ನಂಬರುಗಳನ್ನು ಹುಡುಕಿ ಮೂರು ಕಾಗದ ತೆಗೆದಳು. ಲಕೋಟೆಗೆ ಹಾಕಿ ಅಂಟಿಸಿ, ಮೇಲೆ 'ಪರೀಕ್ಷಾ ಮುಖ್ಯಸ್ಥರಿಗೆ ಮಾತ್ರ' ಎಂದು ಬರೆದು ಅವನ ಕೈಗೆ ಕೊಟ್ಟಳು. ಆಮೇಲೂ ಕಟ್ಟು ತಿರುವುತ್ತಲೇ ಇದ್ದಳು. ಒಂದು ಹಾಳೆಯ ಹತ್ತಿರ ಕೈ ನಿಂತಿತು. ಶಕುಂತಲಮ್ಮ ಅವಳ ಮುಖ ನೋಡಿದಳು.

"ನಿನ್ನ ಹೆಸರೇನಮ್ಮ?"

"ಗೋದಾ." ಅವಳು ತಲೆ ಎತ್ತಲಿಲ್ಲ. "ಅವತ್ತು ಅವರು ನಮ್ಮನೆ ಬಾಗಿಲಿಗೆ ಬಂದಾಗ ನಾನು ಹೊರಗೆ ಬರಲಿಲ್ಲ. ಸಿಟ್ಟಿತ್ತು. ಈಗಲೂ ಪೂರ್ತಿ ಹೋಗಿಲ್ಲಮ್ಮ. ಆದ್ರೂ ಬಂದೆ."

ಶಕುಂತಲಮ್ಮನಿಗೆ ಬೆಳಗಿನಿಂದ ಬಾರದ ಅಳು ಆಗ ಬಂತು. ಅಳುತ್ತಲೇ ಕೇಳಿದಳು: "ಉಳಿದೋರು ಯಾರಾದ್ರೂ ಇನ್ನೂ ಓದ್ತಿದಾರಾ?"

"ಇಲ್ಲ. ಇಸವಿ ನೋಡಿದೆ, ಎಲ್ಲಾ ಮುಗಿಸಿ ಹೋದೋರೇ."

ಹೊರಗೆ ತಮಟೆಯವರು ಬಂದರು. ಚರ್ಮ ಸಡಿಲವಾಗಿದೆ, ಕಾಯಿಸಲು ಹುಲ್ಲೋ ಹಳೇ ಪೇಪರೋ ಇದ್ದರೆ ಕೊಡಿ ಎಂದರು. ಶಕುಂತಲಮ್ಮ ಕಣ್ಣೊರೆಸಿಕೊಂಡು, ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಳಕ್ಕಿಳಿದಳು. ಏನಾಗುತ್ತಿದೆ ಎಂದು ಚಕ್ರಪಾಣಿಗೆ ತಿಳಿಯುವಷ್ಟರಲ್ಲಿ ಅರ್ಧ ಕಟ್ಟು ಉರಿಯುತ್ತಿತ್ತು.

"ರೆಕಾರ್ಡಮ್ಮ ಅದು. ನಾನು ಮೇಲಿನೋರಿಗೆ ಏನು ಹೇಳ್ಲಿ?"

"ನಾನೇ ಸುಟ್ಟೆ ಅಂತ ಹೇಳಿ ಸಾರ್. ಪೆನ್ಷನ್ ತಡೆದ್ರೆ ತಡೀಲಿ."

ಅವನ ಕಣ್ಣು ಹಿಂದೆಯೇ ಬಂದಿದ್ದ ಗೋದಾಳ ಕೈಯಲ್ಲಿ ಉಳಿದ ಹಾಳೆಯ ಕಡೆ ತಿರುಗಿತು. "ಅದೇನಮ್ಮ, ಅದ್ಯಾರದು?"

"ನಂದು. ಮೂರ್ಛೆರೋಗ," ಎಂದಳು ಗೋದಾ, ವಠಾರವೆಲ್ಲ ಕೇಳುವ ಹಾಗೆ. "ಇದನ್ನ ನಾನೇ ಹೇಳ್ತಿದೀನಿ."

ಬಗ್ಗಿ ಹಾಳೆಯನ್ನು ಬೆಂಕಿಗಿಟ್ಟಳು. ತಮಟೆಯವನು ಆ ಉರಿಯ ಮೇಲೆ ಚರ್ಮವನ್ನು ಎರಡು ಸುತ್ತು ತಿರುಗಿಸಿ, ಬೆರಳಲ್ಲಿ ತಟ್ಟಿ ನೋಡಿ, ಹೊರುವವರಿಗೆ ಕಣ್ಸನ್ನೆ ಮಾಡಿದ. ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು.