ತಲೆಯ ಮೇಲಿನ ಮಣ್ಣು

ಕಮಲಾಪುರದ ಗೌಡ ಖಂಡೆಪ್ಪ ಗಡಿಯ ಬಾಂದಗಲ್ಲು ಕಿತ್ತು ಸಾಬಮ್ಮನ ಹೊಲದೊಳಗೆ ನೆಟ್ಟಾಗ ಊರಿನ ಬಾಯಿಗೆ ಬೀಗ ಬಿತ್ತು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಅದೊಂದೇ ಹೊಲ. ಅದೂ ಹೋದರೆ ಅದೇ ಗೌಡನ ಕೊಟ್ಟಿಗೆಯಲ್ಲಿ ಸಗಣಿ ಬಾಚಬೇಕು. ಹೆಣ್ಣುಮಗಳು ಸೆರಗು ಬಿಗಿದು ಕಲಬುರಗಿಯ ಅದಾಲತ್ತಿನ ಮೆಟ್ಟಿಲು ಹತ್ತಿದಳು.

ಅಲ್ಲಿ ನ್ಯಾಯ ಹೇಳುವ ಮುನಸೀಫ ಗುಲಾಮ್ ರಸೂಲ್ ಒಳ್ಳೆಯ ಮನುಷ್ಯ. ನಿಜಾಮರ ಸರಕಾರದ ಕೆಲಸವೆಲ್ಲ ಉರ್ದುವಿನಲ್ಲಿ ನಡೆದರೂ ಬಡವರೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದ.

“ಅಮೀನನ್ನ ಕಳಸ್ತೀನಿ. ಸರಪಳಿ ಹಿಡಿದು ಅಳೀತಾನ. ಯಾರ ಹೊಲ ಎಲ್ಲಿತನಕ ಅಂತ ಗೊತ್ತಾಗ್ತದ,” ಎಂದ.

ಸಾಬಮ್ಮನಿಗೆ ಸರಪಳಿಯ ಮೇಲೆ ನಂಬಿಕೆ ಬರಲಿಲ್ಲ. ಅದಾಲತ್ತಿನ ಯಾವ ಅಮೀನ ಊರಿಗೆ ಬಂದರೂ ಉಣ್ಣುವುದು ಗೌಡನ ಮನೆಯಲ್ಲೇ ತಾನೆ! ಅವಳಿಗೆ ಗೊತ್ತಿದ್ದ ಕಾಯ್ದೆ ಬೇರೆ. ಗಡಿಯ ಜಗಳ ಬಂದರೆ ಹೊಲದ ಮಣ್ಣಿನ ಹೆಂಟೆ ತಲೆಯ ಮೇಲಿಟ್ಟುಕೊಂಡು ನಡೆಯಬೇಕು, ನಡೆದದ್ದೇ ಗಡಿ. ಸುಳ್ಳು ನಡೆದವನ ವಂಶವನ್ನು ಭೂಮಿತಾಯಿ ಉಳಿಸುವುದಿಲ್ಲ. ಅವಳ ಮಾವ ಒಮ್ಮೆ ಹಾಗೆ ನಡೆಯುವಾಗ ತಪ್ಪಾದೀತೆಂದು ಹೆದರಿ ತನ್ನದೇ ಒಂದಿಷ್ಟು ನೆಲ ಪಕ್ಕದವನಿಗೆ ಬಿಟ್ಟುಕೊಟ್ಟಿದ್ದ.

“ಗೌಡ್ರೇ ಮಣ್ಣು ಹೊತ್ತು ನಡೀಲಿರೀ. ಅವರು ನಡೆದದ್ದು ನನಗ ಕಬೂಲ್,” ಎಂದಳು.

ಗುಲಾಮ್ ರಸೂಲ್ ಲೇಖನಿ ಕೆಳಗಿಟ್ಟ. “ಯೋಚನಿ ಮಾಡವ್ವಾ. ಒಮ್ಮೆ ಒಪ್ಪಿದಿ ಅಂದ್ರ ನನ್ನ ಕೈಯಾಗೂ ಏನೂ ಉಳಿಯಂಗಿಲ್ಲ.”

“ಮಣ್ಣು ಹೊತ್ತು ಯಾರು ಸುಳ್ಳು ನಡೀತಾರ್ರೀ, ಸಾಹೇಬರ?”

ಖಂಡೆಪ್ಪ ನಡೆದ. ಊರೆಲ್ಲ ನೋಡುತ್ತಿರುವಾಗ, ಸ್ನಾನ ಮಾಡಿ, ಹಣೆತುಂಬ ವಿಭೂತಿ ಬಳಿದು, ಹೆಂಟೆ ಹೊತ್ತು, ಮದುವೆಯ ಮೆರವಣಿಗೆಗೆ ಹೊರಟವನ ಹಾಗೆ ನಡೆದ. ತಾನು ನೆಟ್ಟ ಕಲ್ಲನ್ನೂ ದಾಟಿದ. ಅವಳ ಬಾವಿಯನ್ನೂ ಸುತ್ತಿ ಬಳಸಿ ತನ್ನ ಕಡೆಗೆ ಮಾಡಿಕೊಂಡ. ಎಂಥ ಭಂಡ ಎದೆಯಪ್ಪ ಅವನದು! ಜತೆಗೆ ಬಂದಿದ್ದ ಅಮೀನ ಎಲ್ಲ ಬರೆದುಕೊಂಡ.

ಊರ ಹಿರಿಯ ಜಗದೇವಪ್ಪ ಸಾಬಮ್ಮನ ಹತ್ತಿರ ಬಂದ. “ಸಮಾಧಾನ ಮಾಡ್ಕೋ, ಮಗಳ. ಭೂಮಿತಾಯಿ ಅವನ್ನ ಸುಮ್ಮನ ಬಿಡಂಗಿಲ್ಲ.”

ಅವಳು ತಿರುಗಿಬಿದ್ದಳು. “ಹೆದರೋರಿಗಷ್ಟೇ ಏನ್ರೀ ಕಾಕಾ, ಈ ಕಾಯ್ದೆ? ಹೆದರದವಗ ಯಾವುದೈತಿ, ಹೇಳ್ರಿ!”

ಜಗದೇವಪ್ಪ ಬಾಯಿ ತೆರೆಯುವಷ್ಟರಲ್ಲಿ ಬಾವಿಯ ಬಳಿಯಿಂದ ಗೌಡ ಕೂಗಿದ. “ಜಗದೇವಪ್ಪಾ, ಹಾರಿ ತಗೊಂಡು ಬಾ. ಕಲ್ಲು ಹುಗೀಬೇಕು.”

ಮುದುಕ ಅವಳ ಮುಖ ನೋಡದೆ ಹಾರೆ ಹೆಗಲಿಗೇರಿಸಿಕೊಂಡು ಹೋದ.