ತಪ್ಪಾಯ್ತು ಅನ್ನದ ಮೇಷ್ಟ್ರು

ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದ ಚಿಕ್ಕಮಾದುವಿನ ಕೈಯನ್ನು ಅವನ ಅಪ್ಪ, ಪಟೇಲ ಲಿಂಗಯ್ಯ, ತಡೆದ.

“ಬುಡ್ಲಾ. ಎತ್‌ಬ್ಯಾಡಿ.”

“ಯಾಕಪ್ಪೋ?”

“ಮೇಷ್ಟ್ರು ತಪ್ಪಾಯ್ತು ಅನ್ನದೇ ಓಗವ್ರೆ. ಎಂಡ್ತಿನಾದ್ರೂ ಅನ್ಲಿ. ಆಮ್ಯಾಕೆ ಎಗಲು ಕೊಡವ.”

ಸತ್ತ ಮೇಲೂ ಕರಿಸಿದ್ದಯ್ಯ ಮೇಷ್ಟ್ರಿಗೆ ಪರೀಕ್ಷೆ ತಪ್ಪಲಿಲ್ಲ. ಹೆಣದ ತಲೆದೆಸೆಯಲ್ಲಿ ಕೂತಿದ್ದ ಹೆಂಡತಿ ಮೀನಾಕ್ಷಮ್ಮ ಮುಖವೆತ್ತಿದಳು.

“ಏನ್ ತಪ್ಪು ಗೌಡ್ರೇ? ಮಕ್ಕ ನಗ್ತಾ ಓದಿದ್ದು ತಪ್ಪಾ?”

“ಅಕ್ಸರನ ಕಾಲಲ್ಲಿ ತುಳಿಸುದ್ರಲ್ಲ ಕಣಮ್ಮ! ನಾನು ಮಗೀನ ಮಣ್ಣು ಮಾಡ್ದೆ.”

*

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು. ಹನಕೆರೆ ಪಕ್ಕದ ಆ ಹಳ್ಳಿಯ ಮಕ್ಕಳು ಶಾಲೆಯಲ್ಲಿ ಕಾಗುಣಿತ ಒದರುತ್ತಲೇ ತೂಕಡಿಸುತ್ತಿದ್ದರು. ಮೇಷ್ಟ್ರು ಒಂದು ದಿನ ಅವರನ್ನು ರಾಗಿ ಕಣಕ್ಕೆ ಕರೆದೊಯ್ದು, ಬೂದಿಯಲ್ಲಿ ಮಂಕರಿಯಷ್ಟು ದೊಡ್ಡ ಅಕ್ಷರ ಬರೆದರು. ಅವರು ‘ಸರ’ ಎಂದರೆ ಮಕ್ಕಳು ಒಂಟಿಕಾಲಲ್ಲಿ ‘ಸ’ಕ್ಕೆ ಹಾರಿ ‘ರ’ಕ್ಕೆ ಜಿಗಿಯಬೇಕು. ಎಮ್ಮೆ ಕಾಯಲು ಹೋಗಿದ್ದವರೂ ಎಮ್ಮೆ ಕಟ್ಟಿ ಓಡಿಬಂದರು. ಎಲ್ಲರಿಗಿಂತ ಮೊದಲು ಓದು ಕಲಿತವನು ಚಿಕ್ಕಮಾದು.

ಆ ಬೇಸಿಗೆ ಊರಿಗೆ ಸಿಡುಬು ಬಂತು. ಲಿಂಗಯ್ಯನ ಕಿರಿಮಗಳು ಉಳಿಯಲಿಲ್ಲ. ಸರಸ್ವತಿಯನ್ನು ತುಳಿಸಿದ್ದಕ್ಕೇ ಅಮ್ಮ ಮುನಿದಳೆಂದು ಊರು ತೀರ್ಮಾನಿಸಿತು. ಶಾಲೆ ಮುಚ್ಚಿತು, ಮೇಷ್ಟ್ರ ಮನೆಗೆ ಬೆಂಕಿ ನೀರು ನಿಂತಿತು. ತಪ್ಪಾಯ್ತು ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅವರು ಅನ್ನಲಿಲ್ಲ; ಹೊಲದಲ್ಲಿ ಕಳೆ ಕೀಳುತ್ತ ಮುದುಕರಾದರು.

*

ಬಿಸಿಲೇರಿತು. ಹೆಣ ಕಾಯುವುದಿಲ್ಲ. ಮೀನಾಕ್ಷಮ್ಮ ಚಿಕ್ಕಮಾದುವನ್ನು ನೋಡಿದಳು. ಈಗ ಊರಿಗೆಲ್ಲ ಪೇಪರು ಓದಿ ಹೇಳುವವನು ಅವನೇ.

“ನೀನಾದ್ರೂ ಬಾಯಿ ಬುಡ್ಲಾ ಮಾದು.”

ಅವನು ಗಂಟನ್ನೇ ನೋಡುತ್ತ ನಿಂತ. ಅವಳಿಗೆ ಅಳುವಿಗಿಂತ ಮೊದಲು ಹೇಸಿಗೆ ಬಂತು.

“ತಪ್ಪಾಯ್ತು,” ಅಂದಳು.

ತಕ್ಷಣ ನಾಲ್ಕು ಹೆಗಲು ಸಿಕ್ಕವು.

ನೆರೆಮನೆಯ ಪುಟ್ಟಮಾದಮ್ಮ ಹೆಣವಿದ್ದ ಜಾಗ ಸಾರಿಸಿ ದೀಪ ಹಚ್ಚಿಟ್ಟಳು. ಮಣ್ಣಿಗೆ ಹೋದವರು ಆ ದೀಪ ನೋಡದೆ ತಮ್ಮ ಮನೆಗೆ ಕಾಲಿಡುವಂತಿಲ್ಲ. ನಾಲೆಯಲ್ಲಿ ಮುಳುಗೆದ್ದ ಗಂಡಸರು ಬೀದಿ ತಿರುಗುವುದು ಕಂಡಿದ್ದೇ ಮೀನಾಕ್ಷಮ್ಮ ಎದ್ದು ಬಾಗಿಲಿಗೆ ಅಗುಳಿ ಹಾಕಿದಳು.

“ಅಯ್ಯೋ, ದೀಪ ನೋಡ್ದೆ ಅವ್ರು ಮನೀಗೆಂಗೆ ಓದಾರು?” ಪುಟ್ಟಮಾದಮ್ಮ ಗಾಬರಿಯಾದಳು.

“ನಿಂತ್ಕೊಳ್ಳಿ ಬುಡು.”

ಹೊರಗೆ ಕರೆದರು, ಬಾಗಿಲು ತಟ್ಟಿದರು, ಬೈದರು. ಹೊತ್ತು ಮುಳುಗಿತು. ಒದ್ದೆ ಪಂಚೆಯಲ್ಲಿ ನಡುಗುತ್ತ ಲಿಂಗಯ್ಯ ಬಗ್ಗಿ ಬಾಗಿಲ ಸಂದಿಗೆ ಕಣ್ಣಿಟ್ಟ.

ಮೀನಾಕ್ಷಮ್ಮ ಸರಿದು ಬಂದು ದೀಪಕ್ಕೆ ಅಡ್ಡವಾಗಿ ಕೂತಳು.