ಮೂರನೆಯ ಎಡೆ

“ಈಚೆ ಬಾರವ್ವ, ಬಾಗ್ಲು ಮುಚ್ಬೇಕು. ಅವ್ರು ಉಣ್ಣಾದ್ ಬ್ಯಾಡ್ವಾ?” ಜಗಲಿಯಿಂದ ಕುಸುಮ ತಾಯಿ ಮಹದೇವಮ್ಮನನ್ನು ಕೂಗಿದಳು. ಹಬ್ಬಕ್ಕೆಂದು ಮಳವಳ್ಳಿಯಿಂದ ತೌರಿಗೆ ಬಂದ ಮಗಳು ಮಧ್ಯಾಹ್ನದಿಂದ ಒಲೆಯ ಮುಂದೆಯೇ ಇದ್ದಳು. ಬೇಗ ಬೇಯಲಿ ಎಂದು ಪ್ರತಿ ವಡೆಗೂ ಮೂರು ಬೆರಳೊತ್ತುವುದು ಅವಳ ಅಭ್ಯಾಸ. ಊರಲ್ಲಿ ಬೇರೆ ಯಾರೂ ಹಾಗೆ ತಟ್ಟುತ್ತಿರಲಿಲ್ಲ.

ಪಿತೃಪಕ್ಷದ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗಿರಬೇಕು. ಬದುಕಿದ್ದಾಗ ಹತ್ತು ಜನರೆದುರು ಗಬಗಬ ತಿಂದವರಿಗೂ ಸತ್ತ ಮೇಲೆ ಅದೇನು ನಾಚಿಕೆಯೋ, ಯಾರಾದರೂ ನೋಡುತ್ತಿದ್ದರೆ ಮುಟ್ಟುವುದಿಲ್ಲವಂತೆ. ಆಮೇಲೆ ಮನೆಯ ಹಿರಿಯರು ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ವೈದ್ಯನಾಥಪುರದ ಆ ಮನೆಯಲ್ಲಿ ಮೂರು ಎಲೆ. ಮಹದೇವಮ್ಮನ ಅತ್ತೆ ಸಣ್ಣತಾಯಮ್ಮನಿಗೆ ಎಲೆಯಡಿಕೆ, ಗಂಡ ಕರಿಯಪ್ಪನಿಗೆ ಒಂದು ಕಟ್ಟು ಬೀಡಿ. ಮೂರನೆಯ ಎಲೆಯ ಮುಂದೆ ಬೋಟಿ ಗೊಜ್ಜು ಮತ್ತು ಚೌಕಳಿ ಶರ್ಟು. ಅದು ಮಗ ಅಶೋಕನದು.

ಹನ್ನೆರಡು ವರ್ಷದ ಹಿಂದೆ, ಗೆಜ್ಜಲಗೆರೆಯ ಕೆಲಸಕ್ಕೆ ಹೊರಟ ಅಶೋಕ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದ. ಬೈಕಿನ ಬ್ರೇಕು ಸರಿಯಿಲ್ಲವೆಂದು ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದವಳು ಮಹದೇವಮ್ಮ. ಗೋಗರೆದನೆಂದು ಗಂಟು ಬಿಚ್ಚಿ ಕೊಟ್ಟವಳೂ ಅವಳೇ. ಅದೊಂದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

“ಹಿತ್ಲಲ್ಲಿವ್ನಿ, ಮುಚ್ಕೊಳವ್ವ,” ಎಂದು ಸುಳ್ಳು ಹೇಳಿ ಅವಳು ಅಡುಗೆಮನೆಯ ಮೂಲೆಯಲ್ಲಿ ನಿಂತುಬಿಟ್ಟಳು. ಮಗ ಉಣ್ಣುವುದನ್ನು ಒಂದು ಸಲ ನೋಡಬೇಕಿತ್ತು, ಅಷ್ಟೇ.

ಬಾಗಿಲು ಮುಚ್ಚಿತು. ಉಣ್ಣಲು ಯಾರೂ ಬರಲಿಲ್ಲ. ಸಂಜೆಯ ಹೊತ್ತಿನಲ್ಲೇ ಕಿಟಕಿಯಿಂದ ಬೆಳಗಿನ ಎಳೆಬಿಸಿಲು ಒಳಗೆ ಬಿತ್ತು. ನೋಡಿಕೊಂಡರೆ, ಎಂದೋ ಪಾತ್ರೆಯವನಿಗೆ ಕೊಟ್ಟಿದ್ದ ಹಳದಿ ಸೀರೆ ಮೈಮೇಲಿತ್ತು. ಸೆರಗಿನಲ್ಲಿ ಗಂಟು.

“ಕೀ ಕೊಡವ್ವ, ಒತ್ತಾಯ್ತು.” ಒದ್ದೆ ತಲೆಯ ಅಶೋಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

ಮಹದೇವಮ್ಮ ಅವನತ್ತ ಬೆನ್ನು ಮಾಡಿ ಗಂಟು ಬಿಚ್ಚಿ, ಕೀಯನ್ನು ರಾಗಿ ಹಿಟ್ಟಿನ ಡಬ್ಬದೊಳಗೆ ಮೊಳಕೈವರೆಗೂ ತುರುಕಿದಳು.

“ಎಲ್ಲೋ ಬಿದ್ದೋಯ್ತು. ಬಸ್ಸಲ್ಲಿ ಓಗು ಮಗ.”

“ಥೂ, ಏನವ್ವ ನೀನು!” ಅವನು ಗೊಣಗುತ್ತ ಓಡಿದ. ಅವಳು ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡು ಅತ್ತಳು. ಅಷ್ಟು ಸುಲಭವಿತ್ತು ಅದು.

ಬಾಗಿಲನ್ನು ಯಾರೋ ಮೂರು ಸಲ ತಟ್ಟಿದರು.

ಹೊರಗೆ ಮತ್ತೆ ಸಂಜೆ. ತಟ್ಟಿದವನು ಮೈದುನ ಮರಿಸಿದ್ದಯ್ಯ. ಹೆಗಲ ಮೇಲೆ ಎಂದಿನ ಟವೆಲು, ಎಂದಿನ ಕೆಮ್ಮು. ಅವನ ಹಿಂದೆ ಹೊಟ್ಟೆ ಬಂದ, ಅಲ್ಲಲ್ಲಿ ಗಡ್ಡ ನರೆತ ಅಶೋಕ.

“ಒಳ್ಗೇ ಇದ್ಯೇನವ್ವ? ಅಂಗೆಲ್ಲ ಇರ್ಬಾರ್ದು ಕಣವ್ವ!” ಎಂದ ಅಶೋಕ.

ಅವಳು ಅವನ ಕೆನ್ನೆ, ಕಿವಿ, ಭುಜ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಜಗಲಿಯತ್ತ ಕಣ್ಣಾಡಿಸಿದಳು. “ಕುಸುಮ ಎಲ್ಲೋ?”

ಅಶೋಕ ಒಳಗಿನ ಎಡೆಯತ್ತ ನೋಡಿದ. ಮೂರನೆಯ ಎಲೆಯ ಮುಂದೆ ಚೌಕಳಿ ಶರ್ಟು ಇರಲಿಲ್ಲ. ಹಸಿರು ಬಳೆ, ಒಂದು ಸೀರೆ, ಉಪ್ಪು ಹಾಕಿದ ನೆಲ್ಲಿಕಾಯಿ ಇದ್ದವು.

“ಯಾಕವ್ವ ಇಂಗ್ ಕೇಳೀಯೆ?” ಅಶೋಕನ ದನಿ ತಗ್ಗಿತು. “ಮುದ್ದೆಗೆ ಇಟ್ಟು ತಗಿಯಕ್ಕೋದಾಗ ಕೀ ಸಿಕ್ತು ಅಂತ, ಬೈಕ್ ತಕ್ಕೊಂಡು ಮದ್ದೂರಿಗೆ ಪರೀಕ್ಸೆಗೋದೋಳು ತಿರ್ಗಿ ಬರ್ನಿಲ್ವಲ್ಲವ್ವ. ಅವತ್ತು ನಾ ಬಸ್ಸಿಗೋಗ್ಬುಟ್ಟಿದ್ದೆ.”

ಎಂಟು ವರ್ಷದ ಹುಡುಗಿಯೊಬ್ಬಳು ಓಡಿಬಂದು ಮಹದೇವಮ್ಮನ ಸೊಂಟ ತಬ್ಬಿಕೊಂಡು “ಅಜ್ಜಿ” ಅಂದಳು. ಇವಳು ಅವಳ ಹೆಸರು ಕೇಳಿದಾಗ ಹುಡುಗಿ ಬಿದ್ದು ಬಿದ್ದು ನಕ್ಕು, “ದೀಪಿಕ!” ಎಂದಳು. ಅಶೋಕನ ಹೆಂಡತಿ ನಿಖಿತಾ ಮಾತ್ರ ಎಲೆಯ ಮೇಲಿನ ವಡೆಯನ್ನೇ ನೋಡುತ್ತಿದ್ದಳು. ವಡೆಯಲ್ಲಿ ಮೂರು ಬೆರಳಿನ ಗುರುತಿತ್ತು. ಇನ್ನೂ ಬಿಸಿಯಿತ್ತು.

“ನಾ ಇಂಗೆ ತಟ್ಟಿರ್ನಿಲ್ವಲ್ಲ ಅತ್ತೆ,” ಅಂದಳು.

ಆ ವರ್ಷವೆಲ್ಲ ಮಹದೇವಮ್ಮ ತನ್ನ ಮನೆಯಲ್ಲೇ ನೆಂಟಳಂತೆ ಇದ್ದಳು. ತಪ್ಪು ಎಲ್ಲಾಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಸಲ ಒಳಗೇ ಉಳಿದು ಕೀಯನ್ನು ಹಿತ್ತಲ ಬಾವಿಗೆ ಎಸೆದರಾಯಿತು. ಅಣ್ಣನಿಗೂ ಸಿಗುವುದಿಲ್ಲ, ತಂಗಿಗೂ ಸಿಗುವುದಿಲ್ಲ. ತಿಂಗಳುಗಳನ್ನು ಎಣಿಸುತ್ತ ಕಾದಳು.

ಹಬ್ಬ ಇನ್ನು ನಾಲ್ಕು ದಿನವಿದೆ ಎನ್ನುವಾಗ ದೀಪಿಕಳ ತಲೆ ಬಾಚುತ್ತ ಸೊಸೆಯನ್ನು ಸುಮ್ಮನೆ ಕೇಳಿದಳು: “ನೀನು ಈ ಮನೆಗೆ ಮೊದ್ಲು ಬಂದುದ್ದು ಯಾವಾಗವ್ವ?”

“ಕುಸುಮ ತೀರ್ಕೊಂಡಾಗ ಅತ್ತೆ. ಒಂದೇ ಕ್ಲಾಸಲ್ವಾ ನಾವು? ಇವ್ರನ್ನ ನೋಡಿದ್ದೇ ಅವತ್ತು. ಇಲ್ದಿದ್ರೆ ನಾನೆಲ್ಲಿ, ಇವ್ರೆಲ್ಲಿ.”

ಬಾಚಣಿಗೆ ಕೂದಲಲ್ಲೇ ನಿಂತಿತು. “ಅಜ್ಜಿ, ನೋಯ್ತದೆ,” ಎಂದಳು ದೀಪಿಕ.

ಹಬ್ಬದ ಸಂಜೆ ಮೂರು ಎಲೆ ಹಾಕಿದರು. ಅಶೋಕ ಜಗಲಿಯಿಂದ ಕರೆದ. ಮಹದೇವಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ದೀಪಿಕ ಬಂದು ಅವಳ ಬೆರಳು ಹಿಡಿದು ಎಳೆದಳು. ಇಬ್ಬರೂ ಹೊರಗೆ ಬಂದರು. ಅಶೋಕ ಬಾಗಿಲು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಒಳಗೆ ರಾಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು.

“ಒಳ್ಗೆ ಯಾರೋ ಅವ್ರೆ ಅಜ್ಜಿ,” ದೀಪಿಕ ಪಿಸುಗುಟ್ಟಿದಳು.

ಮರಿಸಿದ್ದಯ್ಯ ಕೆಮ್ಮಿದ. “ಒತ್ತಾಯ್ತು ಅತ್ಗೆ. ತಟ್ಟು, ಒಳಿಕೋಗವ.”

ಮಹದೇವಮ್ಮ ಕೈ ಎತ್ತಿದಳು. ಬಾಗಿಲಿಗೆ ತಾಕಿಸದೆ ಹಾಗೇ ಇಳಿಸಿದಳು.

“ಇನ್ನೊಸಿ ಒತ್ತು ತಡೀರಿ. ಉಣ್ಲಿ,” ಎಂದಳು. ಇನ್ನೊಂದು ಕೈಯಲ್ಲಿ ದೀಪಿಕಳ ಕೈ ಹಾಗೇ ಇತ್ತು.